ಗೇಣಗಲದ ಮಾನ

ಜಪಾನಿನ ಹಕೋನೆಯಲ್ಲಿ ರಿಯೋಕಾನ್ ಎಂಬ ಹಳೇ ಶೈಲಿಯ ವಸತಿಗೃಹದಲ್ಲೇ ಉಳಿಯಬೇಕೆಂಬುದು ನನ್ನ ಹಟ. ‘ಚಾಪೆ ಮೇಲೆ ಮಲಗೋಕೆ ಇಷ್ಟು ದುಡ್ಡಾ? ನಮ್ಮ ರಾಗಿಗುಡ್ಡದ ಮನೇಲೇ ಹಾಸಿಕೊಡ್ತಿದ್ನಲ್ರೀ’ ಎಂದಳು ಹೆಂಡತಿ. ಅಲ್ಲಿ ಕೋಣೆಯನ್ನು ಅಳೆಯುವುದೂ ಚಾಪೆಯಲ್ಲೇ. ನಮ್ಮದು ಎಂಟು ಚಾಪೆಯ ಕೋಣೆ. ಬಾಗಿಲಲ್ಲಿ ಚಪ್ಪಲಿ ಬಿಡುವುದು, ನೆಲದಲ್ಲಿ ಕೂತು ಉಣ್ಣುವುದನ್ನೆಲ್ಲ ಮಲೆನಾಡಿನವನಿಗೆ ಯಾರು ಕಲಿಸಬೇಕು? ಯುಕಾತವೆಂಬ ನಿಲುವಂಗಿಯ ಬಲಸೆರಗು ಮೇಲೆ ಬಂದರೆ ಹೆಣಕ್ಕೆ ಉಡಿಸಿದಂತೆ ಎಂಬುದೂ ಗೊತ್ತಿತ್ತು. ಎಡಸೆರಗನ್ನೇ ಮೇಲೆ ತಂದು, ಬದುಕಿರುವವನ ಠೀವಿಯಲ್ಲಿ ಒನ್ಸೆನ್ ಎಂಬ ಬಿಸಿನೀರ ಬುಗ್ಗೆಯ ಸ್ನಾನಕ್ಕೆ ಹೊರಟೆ.

ಮೊದಲು ಮಣೆಯ ಮೇಲೆ ಕೂತು ಮೈ ತಿಕ್ಕಿ ತೊಳೆಯಬೇಕು, ಆಮೇಲೆ ಬಿಸಿನೀರಿನ ಕೊಳ. ಮೈಮೇಲೆ ಬಟ್ಟೆ ಕೂಡದು. ಉಡಿದಾರ ಲೆಕ್ಕಕ್ಕಿಲ್ಲವೆಂದು ನಾನೇ ತೀರ್ಪು ಕೊಟ್ಟುಕೊಂಡೆ. ಬಚ್ಚಲಲ್ಲಿ ಚಿಲಕ ಹಾಕಿದ ಮೇಲೂ ಟವೆಲು ಬಿಚ್ಚದವನ ಕೈಗೆ ಸಿಕ್ಕಿದ್ದು ಗೇಣಗಲದ ವಸ್ತ್ರ, ಅದೂ ನೀರಿಗೆ ತಾಗಬಾರದು.

ಆವಿಯೊಳಗಿಂದ ಅಜ್ಜರೊಬ್ಬರು ಎದ್ದು ಬಂದು ನಡು ಬಾಗಿಸಿದರು. ಅವರ ವಸ್ತ್ರ ಮಡಿಕೆಯಾಗಿ ತಲೆಯ ಮೇಲಿತ್ತು. ನನ್ನದು ಎರಡೂ ಕೈಯಲ್ಲಿ. ಕೈ ಮುಗಿದರೆ ನನ್ನ ಮಾನ ಹೋಗುತ್ತದೆ, ಮುಗಿಯದಿದ್ದರೆ ಭಾರತದ್ದು. ಬರೀ ಬಾಗಿದೆ. ಹಿಂದೆ ಸಾಲುಗನ್ನಡಿಗಳಿದ್ದದ್ದು ಆಗ ನೆನಪಾಯಿತು. ಅಜ್ಜ ಇನ್ನಷ್ಟು ಬಾಗಿದರು. ಹಿರಿಯರಿಗಿಂತ ಎತ್ತರದಲ್ಲಿ ನಿಲ್ಲುವುದು ಹೇಗೆ? ನಾನೂ ತಗ್ಗಿದೆ. ಅವರು ಮತ್ತೂ ತಗ್ಗಿದರು. ತಲೆಯ ವಸ್ತ್ರ ಕೆಳಕ್ಕೆ ಬಿತ್ತು. ಎತ್ತಿಕೊಡಲು ಒಂದು ಕೈ ಚಾಚಿದೆ. ಉಳಿದ ಕೈ ಒಂದೇ ಎಂಬುದು ವಸ್ತ್ರಕ್ಕೆ ಮೊದಲು ತಿಳಿಯಿತು. ಅಜ್ಜ ನೋಡಲೇ ಇಲ್ಲ. ಅಷ್ಟು ಹತ್ತಿರದಿಂದ ನೋಡದಿರುವುದು ದೊಡ್ಡ ವಿದ್ಯೆ.

ಅಷ್ಟರಲ್ಲಿ ನಮ್ಮ ತಂಡದ ಮಹಾಶಯರೊಬ್ಬರು ಚಡ್ಡಿಯಲ್ಲೇ ಬಂದು, ಮೈ ತೊಳೆಯದೆ ಧುಮುಕಿ, ‘ನಮ್ಮ ಹಂಡೆನೀರಿನ ಮುಂದೆ ಇದೇನ್ರೀ ಮಹಾ!’ ಎಂದು ಕೂಗಿದರು. ಅಜ್ಜ ಸದ್ದಿಲ್ಲದೆ ಹೊರಟುಹೋದರು. ಇಂಥವರಿಗೆ ಪಾಸ್‌ಪೋರ್ಟ್ ಕೊಡುವ ಮೊದಲು ಒಂದು ಸ್ನಾನದ ಪರೀಕ್ಷೆ ಇಡಬೇಕು.

1898ರಲ್ಲಿ ಜಪಾನ್ ಸುತ್ತಿದ ವಿಶ್ವೇಶ್ವರಯ್ಯನವರು ಇಂಥ ನೀರಿಗಿಳಿದಿದ್ದರೋ, ಇಳಿದಿದ್ದರೆ ಆ ಪೇಟವನ್ನು ಎಲ್ಲಿಟ್ಟಿದ್ದರೋ. ಅವರು ದಿವಾನರಾಗಿದ್ದಾಗಲೇ, 1918ರಲ್ಲಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಹುಟ್ಟಿತು. ಅಪ್ಪ ಅದರ ಕುಲುಮೆಯೆದುರು ಪಾಳಿ ದುಡಿದವರು. ಮನೆಗೆ ಬಂದು ಎರಡು ಚೊಂಬು ಸುರಿದುಕೊಂಡು, ಸೊಂಟ ಹಿಡಿದು ಮಲಗುತ್ತಿದ್ದರು. ಕತ್ತಿನವರೆಗೆ ಬಿಸಿನೀರಲ್ಲಿ ಕೂತವನಿಗೆ ಆ ಸೊಂಟವೇ ಕಣ್ಣಿಗೆ ಕಟ್ಟಿತು.

ಬೆಳಗಿನ ಉಪಾಹಾರದಲ್ಲಿ ಯಾರೋ ಹಿರಿಯರು ನನಗೆ ಬಾಗಿ ವಂದಿಸಿದರು.

‘ಯಾರ್ರೀ ಅದು?’ ಎಂದಳು ಹೆಂಡತಿ.

‘ಸರಿಯಾಗಿ ಗೊತ್ತಾಗ್ತಿಲ್ಲ ಕಣೆ, ಬಟ್ಟೆ ಹಾಕ್ಕೊಂಡಿದಾರೆ.’