ಪಿಕಪ್ ಮೊದಲೋ, ಪಾರ್ಟ್ಸ್ ಮೊದಲೋ

ಶಿಡ್ಲಘಟ್ಟದ ನನ್ನ ಭಾಮೈದನಿಗೆ ಈ ಸಲ ಗೂಡಿನ ರೇಟು ಕೈಹಿಡಿದಿದೆ. ರೇಷ್ಮೆ ಬೆಳೆಗಾರನ ಜೇಬಿನಲ್ಲಿ ನಾಲ್ಕು ಕಾಸು ಕುಣಿದರೆ ನಮ್ಮ ಕಡೆ ಮೂರರಲ್ಲೊಂದು ಆಗಲೇಬೇಕು: ಬೋರ್‌ವೆಲ್ ಕೊರೆಸಬೇಕು, ಮಗಳ ಮದುವೆ ಮಾಡಬೇಕು, ಇಲ್ಲಾ ಕಾರು ತರಬೇಕು. ಬೋರ್‌ವೆಲ್ಲು 1,200 ಅಡಿಗೆ ಹೋಗಿ ಬರೀ ಧೂಳು ಕಕ್ಕಿದೆ. ಮಗಳು ಎರಡನೇ ಕ್ಲಾಸು. ಉಳಿದಿದ್ದು ಕಾರು ತಾನೇ?

ಅದಾದರೂ ಹೆಂಡತಿ ಮಕ್ಕಳು, ಅತ್ತೆ ಮಾವ, ಜೊತೆಗೆ ಒಂದು ಮೂಟೆ ಅಕ್ಕಿ ಹಿಡಿಸುವಂಥ ಕಾರೋ? ಉಹೂಂ. "ಭಾವ, ಕಾಲಿಟ್ರೆ ಬೆನ್ನು ಸೀಟಿಗೆ ಅಂಟ್ಕೋಬೇಕು, ಅಂಥದ್ದು ನೋಡಿ" ಅಂತಾನೆ. ಹೊಸದಕ್ಕೆ ಕೈಯಾಗದು, ಹಾಗಾಗಿ ಸೆಕೆಂಡ್ ಹ್ಯಾಂಡು. ಬೆಂಗಳೂರಿನ ಹುಡುಗರು ಮೊದಲ ಸಂಬಳದ ಹುರುಪಿನಲ್ಲಿ ಕೊಂಡು, ಮೊದಲ ಮಗು ಹುಟ್ಟಿದ ಮೇಲೆ ಮಾರುವ ಕಾರುಗಳಿಗೆ ಚಿಕ್ಕಬಳ್ಳಾಪುರ ಜಿಲ್ಲೆಯ ನಾವೇ ವಾರಸುದಾರರು.

ಅವನ ಮೊಬೈಲಿನಲ್ಲಿ ಮೂರು ಫೋಟೊಗಳಿವೆ. ದೇವರ ಪಟ ತೋರಿಸುವ ಹಾಗೆ ಒಂದೊಂದಾಗಿ ತೋರಿಸುತ್ತಾನೆ. ಮೊದಲನೆಯದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 2004ರಲ್ಲಿ ಬಂದಿದ್ದು, 1.8 ಲೀಟರಿನ ಟರ್ಬೋ ಪೆಟ್ರೋಲ್, 150 ಕುದುರೆ. ಎರಡನೆಯದು ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ, 2013ರಿಂದ ಶುರುವಾದದ್ದು. 1.2 ಲೀಟರಿನ ಸಣ್ಣ ಇಂಜಿನ್ನು, ಆದರೂ 105 ಕುದುರೆ, ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸು. ಮೂರನೆಯದು 2015ರ ಅಬಾರ್ತ್ ಪುಂಟೋ. ಪಕ್ಕದಲ್ಲಿ ಚೇಳಿನ ಗುರುತು, 145 ಕುದುರೆ, ಸೊನ್ನೆಯಿಂದ ನೂರಕ್ಕೆ 8.8 ಸೆಕೆಂಡು ಎಂದು ಕಂಪನಿಯ ಮಾತು. ಹತ್ತು ಲಕ್ಷದೊಳಗೆ ಅಷ್ಟೊಂದು ಕುದುರೆ ಆಗ ಬೇರೆಲ್ಲೂ ಸಿಗುತ್ತಿರಲಿಲ್ಲ. ಆ ಚೇಳನ್ನು ನೋಡುವಾಗ ಭಾಮೈದನ ಕಣ್ಣು ಒದ್ದೆಯಾಗುತ್ತದೆ. ಹೆಂಡತಿಯ ಫೋಟೊ ನೋಡುವಾಗ ಹಾಗಾದದ್ದನ್ನು ನಾನಂತೂ ಕಂಡಿಲ್ಲ. ಅವಳು ನನ್ನ ಹೆಂಡತಿಯ ನಾದಿನಿ, ಹಾಗಾಗಿ ಇದನ್ನು ಮನೆಯಲ್ಲಿ ಹೇಳುವಂತಿಲ್ಲ.

ಚಿಂತಾಮಣಿಯಲ್ಲಿರುವ ನಮ್ಮ ದೊಡ್ಡಪ್ಪನ ಮಗ ಇದಕ್ಕೆಲ್ಲ ಬದ್ಧ ವಿರೋಧಿ. ಟೊಮೆಟೊ ಮಂಡಿ ನಡೆಸುವ ಮನುಷ್ಯ. ಬೆಳಗಿನ ಜಾವ ಲೋಡು ತಡವಾದರೆ ರೇಟೇ ಬಿದ್ದುಹೋಗುವ ವ್ಯಾಪಾರದಲ್ಲಿ ಬೆಳೆದವನಿಗೆ ಕೈಕೊಡದ ಗಾಡಿಯೇ ಕುಲದೇವರು. "ನಮ್ಮ ಜಿಲ್ಲೇಲಿ ಎಲ್ಲಕ್ಕಿಂತ ಜೋರಾಗಿ ಓಡೋ ಗಾಡಿ ಯಾವ್ದು ಗೊತ್ತೇನೋ? ಟೊಮೆಟೊ ಕ್ರೇಟು ತುಂಬ್ಕೊಂಡ ಬೊಲೆರೋ. ನಿನ್ನ ಚೇಳು ಅದರ ಹಿಂದೆ ಹಾರನ್ ಹೊಡ್ಕೊಂಡು ಹೋಗ್ಬೇಕು, ಅಷ್ಟೇ" ಅಂತ ನಗುತ್ತಾನೆ. ಮುಂಜಾನೆ ನಾಲ್ಕಕ್ಕೆ ಚಿಂತಾಮಣಿ ರಸ್ತೆಯಲ್ಲಿ ಓಡಾಡಿದವರು ಯಾರೂ ಇದನ್ನು ಅಲ್ಲಗಳೆಯಲಾರರು.

ಅಣ್ಣನ ಸಲಹೆ: ಹಳೇ ಹೋಂಡಾ ಸಿಟಿ ವಿಟೆಕ್ ಹುಡುಕು. 2000ದಿಂದ ಮೂರ್ನಾಲ್ಕು ವರ್ಷ ಬಂದ ಆ ಗಾಡಿಯಲ್ಲಿ ಟರ್ಬೋ ಇಲ್ಲ, ಕಂಪ್ಯೂಟರಿನ ಕಾಟ ಕಡಿಮೆ, 106 ಕುದುರೆ. ಇಂಜಿನ್ನು ಕಿರುಚುವ ತನಕ ಎಳೆದರೆ ಎರಡನೇ ಸಲ ಜೀವ ಬಂದ ಹಾಗೆ ನುಗ್ಗುತ್ತದೆ. ಮಾತು ಸುಳ್ಳಲ್ಲ. ಆದರೆ ಖಾಸಗಿ ಕಾರಿನ ಆರ್‌ಸಿಗೆ ಆಯಸ್ಸು 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಓ ಮುಂದೆ ನಿಲ್ಲಿಸಿ ಎಫ್‌ಸಿ ಮಾಡಿಸಿ ನವೀಕರಿಸಬೇಕು. ಇಪ್ಪತ್ತು ದಾಟಿದ ಗಾಡಿಯ ಇಂಜಿನ್ನು ಗಟ್ಟಿಯಾಗಿದ್ದರೂ ತಳದ ತಗಡು ತುಕ್ಕು ಹಿಡಿದು ಮ್ಯಾಟ್ ಎತ್ತಿದರೆ ರಸ್ತೆ ಕಾಣುತ್ತದೆ.

ಇಬ್ಬರ ಜಗಳ ಬಗೆಹರಿಯದೆ ಚಿಕ್ಕಬಳ್ಳಾಪುರದ ಬಿಬಿ ರಸ್ತೆಯ ನಮ್ಮ ಮೆಕ್ಯಾನಿಕ್ ಸಾಬರ ಹತ್ತಿರ ಪಂಚಾಯ್ತಿ ಹೋಯಿತು. ಸಾಬರು ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಫೋಟೊಗಳನ್ನು ನೋಡಿದರು. "ಮೂರೂ ಒಳ್ಳೇ ಗಾಡೀನೇ ಸಾಮಿ. ನೂರಕ್ಕೆ ಎಷ್ಟು ಸೆಕೆಂಡು ಅನ್ನೋದು ಬಿಡಿ, ಪಾರ್ಟು ಬರೋಕೆ ಎಷ್ಟು ದಿನ ಅದನ್ನ ಹೇಳಿ" ಅಂದರು.

ಆಮೇಲೆ ಅವರು ಬಿಡಿಸಿ ಹೇಳಿದ್ದು ನನಗೆ ತುಂಬ ಹಿಡಿಸಿತು. ಫಿಯಟ್‌ನವರದೇ 1.3 ಲೀಟರಿನ ಡೀಸೆಲ್ ಇಂಜಿನ್ನು ಮಾರುತಿ ಸ್ವಿಫ್ಟಿನ ಬಾನೆಟ್ಟಿನೊಳಗೆ ಕೂತು ಹಳ್ಳಿ ಹಳ್ಳಿ ಸುತ್ತಿತು. ಹೋದ ಕಡೆಯೆಲ್ಲ ಅದನ್ನು ಬಿಚ್ಚಿ ಜೋಡಿಸಬಲ್ಲ ಹುಡುಗ ಹುಟ್ಟಿಕೊಂಡ, ಅದರ ಪಾರ್ಟ್ಸ್ ಇಡುವ ಅಂಗಡಿಯೂ ಹುಟ್ಟಿಕೊಂಡಿತು. ಎಲ್ಲರೂ ಅದಕ್ಕೆ 'ನಂಬಿಕಸ್ಥ ಇಂಜಿನ್ನು' ಅಂತ ಬಿರುದು ಕೊಟ್ಟರು. ಅದೇ ಫಿಯಟ್‌ನವರ 1.4 ಟರ್ಬೋ ಪೆಟ್ರೋಲ್ ಅಬಾರ್ತಿನಲ್ಲಿ ಕೂತಿತು. ಕಬ್ಬಿಣವೇನೂ ಕೀಳಲ್ಲ. ಆದರೆ ಮಾರಾಟವಾದದ್ದು ಬೆರಳೆಣಿಕೆ, 2019ಕ್ಕೆ ಕಂಪನಿ ಇಲ್ಲಿ ಕಾರು ಮಾಡುವುದನ್ನೇ ನಿಲ್ಲಿಸಿತು. ಈಗ ಒಂದು ಸೆನ್ಸರ್ ಹೋದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಇಡೀ ದಿನ ಅಲೆಯಬೇಕು. ಅಲ್ಲಿಲ್ಲದಿದ್ದರೆ ಗುಜರಿಯಲ್ಲಿ ಯಾರದೋ ಅಪಘಾತದ ಗಾಡಿಯಿಂದ ಬಿಚ್ಚಿದ್ದು ಸಿಗಬೇಕು. ಒಂದೇ ತಾಯಿಯ ಮಕ್ಕಳು. ಊರಲ್ಲಿ ನೆಂಟರಿರುವವನಿಗೆ ನಂಬಿಕಸ್ಥನೆಂಬ ಹೆಸರು, ನೆಂಟರಿಲ್ಲದವನಿಗೆ ಕೈಕೊಡುವವನೆಂಬ ಹೆಸರು. ಫೋರ್ಡ್ ಕೂಡ 2021ರಲ್ಲಿ ಇಲ್ಲಿನ ಕಾರ್ಖಾನೆ ಮುಚ್ಚುವುದಾಗಿ ಹೇಳಿತು. ಓಡಿಸಲು ಮಜವಾದ ಕಾರು ಮಾಡಿದವರೇ ಗಂಟುಮೂಟೆ ಕಟ್ಟಿದ್ದು ನೋಡಿದರೆ ನಮ್ಮ ಜನಕ್ಕೆ ಪಿಕಪ್ಪಿಗಿಂತ ಮೈಲೇಜು ಎಷ್ಟು ಪ್ರಿಯವೆಂದು ಗೊತ್ತಾಗುತ್ತದೆ.

ಪೋಲೋ ಜಿಟಿಯ ಕತೆ ಬೇರೆ. ಅದರ ಡಿಎಸ್‌ಜಿಯಲ್ಲಿ ಎರಡು ಕ್ಲಚ್ಚು, ಎರಡೂ ಒಣ ಕ್ಲಚ್ಚು, ಅಂದರೆ ತಣ್ಣಗಿಡಲು ಎಣ್ಣೆಯ ಸ್ನಾನವಿಲ್ಲ. ಖಾಲಿ ಹೈವೇಯಲ್ಲಿ ಬೆಣ್ಣೆ. ಜನಜಂಗುಳಿಯಲ್ಲಿ ಇಂಚಿಂಚೇ ಸರಿಯಬೇಕಾದಾಗ ಕ್ಲಚ್ಚು ಅರ್ಧ ಹಿಡಿದು ಅರ್ಧ ಬಿಟ್ಟು ಉಜ್ಜಿ ಕಾಯುತ್ತದೆ. ಡಿಎಸ್‌ಜಿಯ ತೊಂದರೆಗಾಗಿ ಕಂಪನಿ 2013ರಲ್ಲಿ ಚೀನಾ ಒಂದರಲ್ಲೇ 3.84 ಲಕ್ಷ ಕಾರುಗಳನ್ನು ವಾಪಸ್ಸು ಕರೆಸಿತ್ತು.

ಇಂಥ ಕಾರನ್ನು ಭಾಮೈದ ಕೊಳ್ಳುವುದಾದರೂ ಏತಕ್ಕೆ? ನಂದಿ ಬೆಟ್ಟದ ತಿರುವುಗಳಿಗೆ! 1,478 ಮೀಟರ್ ಎತ್ತರಕ್ಕೆ ಹಾವಿನ ಹಾಗೆ ಹೋಗುವ ಆ ರಸ್ತೆಯನ್ನು ಕನಸಿನಲ್ಲಿ ಕಂಡೇ ಅವನು ಜಿಟಿಯ ಫೋಟೊ ಇಟ್ಟುಕೊಂಡಿರುವುದು. ಭಾನುವಾರ ಬೆಳಗ್ಗೆ ಅಲ್ಲಿಗೆ ಹೋಗಿ ನೋಡಿ. ಸೂರ್ಯೋದಯ ನೋಡಲು ಬಂದ ಅರ್ಧ ಬೆಂಗಳೂರು ಏರಿನಲ್ಲಿ ಸಾಲುಗಟ್ಟಿ ನಿಂತಿರುತ್ತದೆ. ಮುಂದೆ ಒಂದು ಟೆಂಪೋ ಟ್ರಾವೆಲರ್, ಅದರ ಕಿಟಕಿಯಲ್ಲಿ ವಾಂತಿ ಮಾಡುವ ಮಗು, ಹಿಂದೆ ನಮ್ಮ ಜಿಟಿ. ಎರಡು ಮಾರು ಹತ್ತು, ನಿಲ್ಲು. ಮತ್ತೆರಡು ಮಾರು ಹತ್ತು, ನಿಲ್ಲು. ಯಾವ ರಸ್ತೆಯ ಆಸೆ ತೋರಿಸಿ ಈ ಕಾರನ್ನು ಮಾರುತ್ತಾರೋ ಅದೇ ರಸ್ತೆ ಅದರ ಕ್ಲಚ್ಚನ್ನು ಸುಡುತ್ತದೆ. ಕೈವಾರದ ತಾತಯ್ಯನವರು ಕಾಲಜ್ಞಾನ ಹೇಳಿದ ಸೀಮೆಯವರು ನಾವು, ಆದರೂ ಗೇರ್‌ಬಾಕ್ಸು ಯಾವ ತಿರುವಿನಲ್ಲಿ ಸ್ಪ್ಯಾನರ್ ಚಿಹ್ನೆ ತೋರಿಸಿ ಕೈಮುಗಿಯುತ್ತದೆಂದು ಮೊದಲೇ ಹೇಳಬಲ್ಲವರನ್ನು ಕಾಣೆ.

ನಮ್ಮ ರಸ್ತೆಗಳ ಬಗ್ಗೆಯೂ ಒಂದು ಮಾತು. ಡಿಸೆಂಬರ್, ಜನವರಿ ಬಂತೆಂದರೆ ಒಳರಸ್ತೆಗಳೆಲ್ಲ ಕಣ. ರಾಗಿ, ಹುರುಳಿ ತಂದು ಟಾರಿನ ಮೇಲೆ ಮೊಣಕಾಲೆತ್ತರ ಹರಡುತ್ತಾರೆ. ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡಬೇಕು, ಕೂಲಿ ಇಲ್ಲ. ಟ್ರಾಕ್ಟರಿಗೆ ಅದು ಲೆಕ್ಕಕ್ಕಿಲ್ಲ. ಅಬಾರ್ತಿನ ಹೊಟ್ಟೆಗೂ ನೆಲಕ್ಕೂ ನಡುವೆ 155 ಮಿಲಿಮೀಟರ್. ಹುರುಳಿ ಬಳ್ಳಿ ಆಕ್ಸಲಿಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ, ಮೊದಲು ವಾಸನೆ, ಆಮೇಲೆ ಹೊಗೆ. ಆಗ 145 ಕುದುರೆಗಳನ್ನೂ ರಸ್ತೆ ಬದಿಗೆ ನಿಲ್ಲಿಸಿ, ಕುಡುಗೋಲು ಹಿಡಿದು ಅಂಗಾತ ಮಲಗಿ ಬಳ್ಳಿ ಕೊಯ್ಯಬೇಕು. ಕಣದ ಯಜಮಾನ ಬಂದು, "ಏಮಯ್ಯಾ, ಹುರುಳೀನ ಎತ್ಕೊಂಡು ಹೋಗ್ತಿದೀಯಾ?" ಅಂತ ಬೈದರೆ ಅದು ಬೇರೆ ಬಾಬ್ತು.

ಇನ್ನು ರೇಡಿಯೇಟರು. ಕೂಲೆಂಟ್ ಕಡಿಮೆಯಾದರೆ ನಮ್ಮವರು ಮಾಡುವ ಮೊದಲ ಕೆಲಸ ತೋಟದ ಬೋರ್‌ವೆಲ್ ನೀರು ಸುರಿಯುವುದು. ಸಾವಿರ ಅಡಿ ಕೆಳಗಿನ ಆ ಗಡಸು ನೀರಿನಿಂದ ಪಾತ್ರೆಯ ತಳಕ್ಕೆ ಕಟ್ಟುವ ಬಿಳಿ ಗಾರೆ ಟರ್ಬೋ ಇಂಜಿನ್ನಿನ ಸಣ್ಣ ನಾಳಗಳಿಗೂ ಕಟ್ಟುತ್ತದೆ. ಲಕ್ಷಾಂತರ ರೂಪಾಯಿಯ ಇಂಜಿನ್ನಿಗೆ ಒಂದು ಬಿಂದಿಗೆ ಸಾಕು.

ಹಾಗಾದರೆ ಕೈಕೊಡದ ಕಾರೆಂದರೆ ಕಣ್ಣು ಮುಚ್ಚಿಕೊಂಡು ಸ್ವಿಫ್ಟ್ ತರಬಹುದೇ? ಇಲ್ಲಿ ನನ್ನ ತಕರಾರು ಅಣ್ಣನ ಮೇಲೆ. ಹಳೆಯ ಕಾರಿನ ನಂಬಿಕೆ ಮೂತಿಯ ಮೇಲಿನ ಬ್ಯಾಡ್ಜಿನಲ್ಲಿಲ್ಲ, ಅದನ್ನು ಓಡಿಸಿದವನ ಕಾಲಿನಲ್ಲಿದೆ. ಮೂರು ವರ್ಷ ಏರ್‌ಪೋರ್ಟ್ ಬಾಡಿಗೆ ಹೊಡೆದು, ಹಳದಿ ಬೋರ್ಡು ಬಿಳಿ ಮಾಡಿಸಿಕೊಂಡು ಬಂದ ಗಾಡಿಗಿಂತ ಆಯಿಲ್ಲು ಸರಿಯಾಗಿ ಬದಲಿಸಿದ ಜಿಟಿ ಮೇಲು. ಆದರೆ ಸ್ಪೋರ್ಟಿ ಕಾರಿನ ಜಾತಕವೇ ಒಂಥರಾ. ಮೊದಲನೇ ಓನರು ಮುದ್ದು ಮಾಡುತ್ತಾನೆ. ಎರಡನೆಯವನು ರೀಮ್ಯಾಪ್ ಮಾಡಿಸಿ, ಸೈಲೆನ್ಸರ್ ಬದಲಿಸಿ, ಊರು ಎಬ್ಬಿಸುತ್ತಾನೆ. ಮೂರನೆಯವನು ಎಲ್ಲ ಬಿಚ್ಚಿ ಹಳೇ ಸಾಮಾನು ಹಾಕಿ, ಪಾಲಿಶ್ ಹೊಡೆಸಿ, 'ಡಾಕ್ಟರ್ ಗಾಡಿ' ಅಂತ ನಮಗೆ ತೋರಿಸುತ್ತಾನೆ.

ಇಂಥವರಿಗೆ ನಮ್ಮ ಗೌರಿಬಿದನೂರಿನ ನಿವೃತ್ತ ಮೇಷ್ಟ್ರೇ ಸರಿ. ಆ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದರಲ್ಲ, ಮೇಷ್ಟ್ರು ಇವತ್ತಿಗೂ ಅದರ ಖಾಯಂ ಸದಸ್ಯರ ಹಾಗೆ ಆಡುತ್ತಾರೆ. ಬ್ರೋಕರ್ ಒಬ್ಬ ತೋರಿಸಿದ ಗಾಡಿಯ ಮೀಟರು ನೋಡಿ, "ಹನ್ನೊಂದು ವರ್ಷಕ್ಕೆ 32,000 ಕಿಲೋಮೀಟರು! ಇದು ಪವಾಡ. ಪರಿಶೀಲಿಸೋಣ" ಅಂದರು. ನಂದಿಯ ಶಿವರಾತ್ರಿ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದ ಮನೆತನ ಅವರದು, ಕಾರಿಗೂ ಅದೇ ಕ್ರಮ. ಟೈರಿನ ಪಕ್ಕದ ನಾಲ್ಕಂಕಿ ಓದಿದರು, ಮೊದಲೆರಡು ವಾರ, ಕೊನೆಯೆರಡು ವರ್ಷ. ಕಿಟಕಿ ಗಾಜುಗಳ ಮೂಲೆಯ ಗುರುತು ಒಂದಕ್ಕೊಂದು ತಾಳೆ ನೋಡಿದರು. ಬಾನೆಟ್ಟಿನ ಬೋಲ್ಟಿನ ಮೇಲೆ ಪೇಂಟ್ ಒಡೆದಿದೆಯೇ ಎಂದು ಉಗುರಿನಿಂದ ಕೆರೆದರು. ಇಂಜಿನ್ನಿನ ಮೇಲೆ ಅಂಗೈಯಿಟ್ಟು, "ಇದು ಬಿಸಿ ಇದೆ. ನಾವು ಬರೋಕೆ ಮುಂಚೆ ಯಾಕೆ ಸ್ಟಾರ್ಟ್ ಮಾಡಿದ್ರಿ?" ಎಂದರು. ತಣ್ಣಗಿದ್ದಾಗ ಬರುವ ಹೊಗೆ, ಸದ್ದು ಮುಚ್ಚಿಡಲು ಮಾಡುವ ಉಪಾಯವದು. ಬ್ರೋಕರ್ ಮುಖ ತಿರುಗಿಸಿದ. ಕೊನೆಗೆ ಹಿಂದಿನ ಸೀಟಿನ ಬೆಲ್ಟನ್ನು ಹೊರಗೆ ಎಳೆದರು, ಎಳೆದರು, ಬುಡ ಕಾಣುವ ತನಕ ಎಳೆದರು. ಕೊನೆಯ ಒಂದು ಗೇಣು ಪಟ್ಟಿಯ ಮೇಲೆ ಕಂದು ಬಣ್ಣದ ಗೆರೆ, ಉಜ್ಜಿದರೆ ಬೆರಳಿಗೆ ನುಣ್ಣನೆಯ ಮಣ್ಣು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಯಮಲೂರಿನ ಕಡೆ ಬಂಗಲೆ ಮುಂದಿನ ಕಾರುಗಳು ಮುಳುಗಿದ್ದನ್ನು ಟಿವಿಯಲ್ಲಿ ನೋಡಿದ್ದೆವಲ್ಲ. ಅಂಥವು ಬಿಸಿಲಲ್ಲಿ ಒಣಗಿ ಎಲ್ಲಿಗೆ ಹೋಗುತ್ತವೆ ಎಂಬುದು ಅರ್ಥವಾಯಿತು. ಅಲ್ಲಿಯ ತನಕ ಕನ್ನಡದಲ್ಲಿ ರೇಟು ಹೇಳುತ್ತಿದ್ದ ಬ್ರೋಕರ್ ತೆಲುಗಿಗೆ ಇಳಿದ. ನಮ್ಮ ಜಿಲ್ಲೆಯಲ್ಲಿ ಚೌಕಾಸಿ ತೆಲುಗಿಗೆ ಬಂತೆಂದರೆ ಐವತ್ತು ಸಾವಿರ ಇಳಿಯಿತೆಂದೇ ಅರ್ಥ. ಮೇಷ್ಟ್ರು ಇಳಿಯಲಿಲ್ಲ, ಎದ್ದು ಬಂದರು.

ನನ್ನನ್ನು ಕೇಳಿದರೆ ದಾರಿ ಇಲ್ಲದೇ ಇಲ್ಲ. 2020ರಿಂದೀಚೆಗಿನ ಜಿಟಿಯಲ್ಲಿ ಒಂದು ಲೀಟರಿನ 110 ಕುದುರೆಯ ಇಂಜಿನ್ನು, ಒಣ ಕ್ಲಚ್ಚಿನ ಡಿಎಸ್‌ಜಿ ಬದಲು ಆರು ಗೇರಿನ ಮಾಮೂಲಿ ಆಟೊಮ್ಯಾಟಿಕ್ಕು. ಪೋಲೋ ನಿಂತದ್ದು 2022ರಲ್ಲಿ, ಹಾಗಾಗಿ ತೀರಾ ಹಳೆಯದೂ ಅಲ್ಲ. ಅದು ದುಬಾರಿಯಾಯಿತೋ, 2017ರ ಬಲೆನೋ ಆರ್‌ಎಸ್ ಇದೆ: ಟರ್ಬೋ, 102 ಕುದುರೆ, ಬೇಕಾದ್ದಕ್ಕೆಲ್ಲ ಅಲ್ಲದಿದ್ದರೂ ಅರ್ಧಕ್ಕರ್ಧ ಕೆಲಸಕ್ಕೆ ಊರಿನ ಮಾರುತಿ ಮೆಕ್ಯಾನಿಕ್ಕೇ ಸಾಕು. ಬಲೆನೋ ಅಂದ ತಕ್ಷಣ ಭಾಮೈದನ ಮುಖ ಹುಳ್ಳಗಾಯಿತು. "ನಮ್ಮೂರ ಅರ್ಧ ಮನೆ ಮುಂದೆ ಬಲೆನೋ ನಿಂತಿದೆ ಭಾವ. ಆರ್‌ಎಸ್ ಅಂತ ನಾನು ಎಷ್ಟು ಜನಕ್ಕೆ ಹೇಳ್ಕೊಂಡು ಓಡಾಡ್ಲಿ?" ಅಂದ. ನ್ಯಾಯವೇ. ಯಾರೂ ತಿರುಗಿ ನೋಡದ ವೇಗ ತಗೊಂಡು ಏನು ಮಾಡುವುದು?

ಮೊನ್ನೆ ಸಂಜೆ ಫೋನು ಬಂತು. ಅಬಾರ್ತಿಗೆ ಅಡ್ವಾನ್ಸ್ ಕೊಟ್ಟನಂತೆ. ಬೇರೆ ಗಾಡಿ, ಮೇಷ್ಟ್ರು ಬೆಲ್ಟ್ ಎಳೆದು ಪಾಸು ಮಾಡಿದ್ದಂತೆ. ಬೈಯಲು ಬಾಯಿ ತೆರೆದವನು ಸುಮ್ಮನಾದೆ. ನನಗೂ ಒಂದು ರೌಂಡು ಕೊಡುತ್ತಾನಲ್ಲ. "ಸಂಕ್ರಾಂತಿ ಕಳೆದು ಕಣ ಎಲ್ಲ ಎತ್ತೋವರೆಗೂ ಗಾಡಿ ಬೆಂಗಳೂರಲ್ಲೇ ಇರ್ಲಿ ಕಣೋ" ಅಂದೆ.

"ಅಲ್ಲೇ ಬಿಟ್ಟಿದ್ದೀನಿ ಭಾವ, ಒಂದು ಸೆನ್ಸರ್ ಬರ್ಬೇಕಂತೆ. ಅದಿರ್ಲಿ, ನಾಳೆ ಬೆಳಗ್ಗೆ ಗೂಡು ಮಾರ್ಕೆಟ್ಟಿಗೆ ಹಾಕ್ಬೇಕು, ನಿಮ್ ಸ್ವಿಫ್ಟ್ ಸ್ವಲ್ಪ ಕಳಿಸ್ಕೊಡ್ತೀರಾ?"