ಕುವೈಟ್ ಅಂಕಲ್ ಮೆಚ್ಚಿದ ಲೆನ್ಸು

ಇಗರ್ಜಿಯೊಳಗೆ ಮದುವೆಯ ಫೋಟೋ ತೆಗೆಯಲು ಯಾವ ಲೆನ್ಸು ಬೇಕು ಎಂದು ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ತೀರ್ಮಾನಿಸುವುದು ಫೋಟೋಗ್ರಾಫರ್ ಅಲ್ಲ, ಮದುಮಗನ ಕುವೈಟ್ ಅಂಕಲ್. ಸ್ಟುಡಿಯೋಕ್ಕೆ ಬಂದ ಅಂಕಲ್ ಆಲ್ಬಂ ಬಿಡಿಸುವುದಿಲ್ಲ, ಶೋಕೇಸಿನೊಳಗೆ ಇಣುಕುತ್ತಾರೆ. ಮೊಳದುದ್ದದ ಬಿಳಿ ಲೆನ್ಸು ಕಂಡರೆ "ಇವ ಜನ ಆಗಬಹುದು" ಎಂದು ಅಡ್ವಾನ್ಸ್ ಕೊಡುತ್ತಾರೆ. ಅಂಗೈಯೊಳಗೆ ಅಡಗುವ 50 ಎಂಎಂ ಕಂಡರೆ ಮಾತ್ರ, "ಇದೆಂಥದ್ದು ಮಾರಾಯ್ರೆ, ಮೊಬೈಲಿಗೆ ಹಾಕುವುದಾ?"

ಆ ಅಂಗೈಯಗಲದ ಲೆನ್ಸಿಗೆ ಮರ್ಯಾದೆ ಇಲ್ಲದಿರಲು ಕಾರಣ ಒಂದೇ, ಅದು ಅಗ್ಗ. ಕ್ಯಾನನ್ ಕಂಪೆನಿ 1990ರಲ್ಲಿ ಪ್ಲಾಸ್ಟಿಕ್ ಮೈಯ 50 ಎಂಎಂ ಎಫ್ 1.8 ಬಿಟ್ಟಿತು, 2015ರಲ್ಲಿ ಅದನ್ನೇ ತಿದ್ದಿ ತಂದಿತು, 2020ರಲ್ಲಿ ಮಿರರ್‌ಲೆಸ್ ಕ್ಯಾಮೆರಾಗಳಿಗೂ ಮಾಡಿತು. ನಿಕಾನ್‌ನದ್ದೂ ಇದೆ. ಹೊಸದೇ ಕೊಂಡರೂ ಹತ್ತು-ಇಪ್ಪತ್ತು ಸಾವಿರದೊಳಗೆ ಮುಗಿಯುತ್ತದೆ. ಮದುವೆಯ ಕೇಕಿನ ಖರ್ಚಿನ ಪಕ್ಕ ಇಡಬಹುದಾದ ವಸ್ತುವಿಗೆ ಗೌರವ ಎಲ್ಲಿಂದ ಬರಬೇಕು?

ಈಗ ಇಗರ್ಜಿಯ ಒಳಗೆ ಬನ್ನಿ. ಮೊಡಂಕಾಪು ಇರಲಿ, ಮಡಂತ್ಯಾರು ಇರಲಿ, ಅಲಂಗಾರು ಇರಲಿ, ಈಸ್ಟರ್ ಕಳೆದ ಮೇಲಿನ ಮದುವೆ ಸೀಸನ್ನಿನಲ್ಲಿ ಹೊರಗೆ ಕಣ್ಣು ಕುಕ್ಕುವ ಬಿಸಿಲು. ಅಡ್ಡಬಾಗಿಲಿನಿಂದ ಅದರ ಒಂದು ಪಟ್ಟೆ ಒಳಗೆ ಬಿದ್ದಿರುತ್ತದೆ. ಆಲ್ತಾರಿನಲ್ಲಿ ಹಳದಿ ಬಲ್ಬು, ಬೆಂಚುಗಳ ಮೇಲೆ ಬಿಳಿ ಟ್ಯೂಬು, ನಡುವೆ ಡೆಕೊರೇಶನಿನವನು ತನ್ನ ಸಂತೋಷಕ್ಕೆ ಹಚ್ಚಿದ ನೇರಳೆ ಎಲ್‌ಇಡಿ. ನಮ್ಮ ಕಣ್ಣು ಎಲ್ಲವನ್ನೂ ಹೇಗೋ ಹೊಂದಿಸಿಕೊಳ್ಳುತ್ತದೆ, ಕ್ಯಾಮೆರಾಕ್ಕೆ ಆ ದಾಕ್ಷಿಣ್ಯ ಇಲ್ಲ. ಛಾವಣಿಯೋ ಬಲು ಎತ್ತರ. ಮೇಲ್ಮುಖವಾಗಿ ಹೊಡೆದ ಫ್ಲ್ಯಾಶು ನೇರ ಸ್ವರ್ಗಕ್ಕೆ ಹೋಗುತ್ತದೆಯೇ ಹೊರತು ಮದುಮಕ್ಕಳ ಮೇಲೆ ಇಳಿಯುವುದಿಲ್ಲ.

ಕ್ಯಾಮೆರಾದ ಜೊತೆಗೇ ಬಂದ 18-55 ಲೆನ್ಸು ಝೂಮ್ ಮಾಡಿದಾಗ ಎಫ್ 5.6ಕ್ಕೆ ಕುಗ್ಗುತ್ತದೆ. ಎಫ್ 1.8 ಒಳಗೆ ಬಿಡುವ ಬೆಳಕು ಅದರ ಒಂಬತ್ತು ಪಟ್ಟಿಗೂ ಹೆಚ್ಚು. ಅಲ್ಲಿ ಕ್ಯಾಮೆರಾದ ಸಂವೇದನೆಯನ್ನು, ಅಂದರೆ ಐಎಸ್‌ಒ ಅನ್ನು, 6400ಕ್ಕೆ ಏರಿಸಿ, ಮೂರು ತಾಸು ಕೂತು ಮೇಕಪ್ ಮಾಡಿಸಿಕೊಂಡ ಮದುಮಗಳ ಕೆನ್ನೆಗೆ ಚಿರೋಟಿ ರವೆ ಚೆಲ್ಲಿದ ಹಾಗೆ ಮಾಡುವ ಬದಲು, ಇಲ್ಲಿ 640ರ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಎಫ್ ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಜಾಸ್ತಿ. ಐಟಮ್ಮುಗಳ ಸಂಖ್ಯೆಯಿಂದಲೇ ಊಟವನ್ನು ಅಳೆಯುವ ಮದುವೆಮನೆಯಲ್ಲಿ ಈ ಲೆಕ್ಕವನ್ನು ಯಾರು ನಂಬುತ್ತಾರೆ!

ಆದ್ದರಿಂದ ನಮ್ಮ ಫೋಟೋಗ್ರಾಫರ್ ಬಿಳಿ ಲೆನ್ಸಿಗೇ ಹೊರಡುತ್ತಾನೆ. 70-200 ಎಫ್ 2.8 ಒಳ್ಳೆಯದೇ, ಆದರೆ ಲಕ್ಷ ದಾಟಿದ ಬಾಬತ್ತು. ಸೊಸೈಟಿ ಸಾಲ ಸಾಲದೆ, ಅದೇ ಬಿಳಿ ಬಣ್ಣದ ಎಫ್ 4 ಸೆಕೆಂಡ್ ಹ್ಯಾಂಡ್ ತರುತ್ತಾನೆ. ಅಂಕಲ್‌ಗೆ ಬಣ್ಣ ಗೊತ್ತು, ಎಫ್ ಗೊತ್ತಿಲ್ಲ. ಆ ಹಳೆಯ ಲೆನ್ಸು ಒಳಬಿಡುವುದು ಬಡ 50 ಎಂಎಂ ಬಿಡುವ ಬೆಳಕಿನ ಐದನೇ ಒಂದು ಪಾಲು. ಸಾಲದ್ದಕ್ಕೆ ನಮ್ಮ ಕರಾವಳಿಯ ಮಳೆಗಾಲ ಕಪಾಟಿನಲ್ಲಿಟ್ಟ ಚಪ್ಪಲಿಯನ್ನೂ ಬಿಡುವುದಿಲ್ಲ, ಲೆನ್ಸನ್ನು ಬಿಡುತ್ತದೆಯೆ? ಹಿಂದಿನಿಂದ ಟಾರ್ಚು ಹಿಡಿದು ನೋಡಿದರೆ ಗಾಜಿನೊಳಗೆ ಜೇಡರ ಬಲೆಯಂತೆ ಫಂಗಸ್. ಟಾರ್ಚು ಹಿಡಿಯದೆ ಕೊಂಡವರೇ ಹೆಚ್ಚು.

ಲೆನ್ಸು ಕುಡಿಯದ ಬೆಳಕನ್ನು ಸ್ಟ್ಯಾಂಡಿನ ಮೇಲೆ ತರಬೇಕಾಗುತ್ತದೆ. ಬಂತು ನೋಡಿ ಮೆರವಣಿಗೆ: ಎಡಕ್ಕೊಂದು ವಿಡಿಯೋ ಲೈಟು, ಬಲಕ್ಕೊಂದು, ವೈರು ಎಳೆಯುವ ಹುಡುಗ, ಕುವೈಟಿಗೆ ಲೈವ್ ಕಳಿಸುವವನ ಟ್ರೈಪಾಡು. ಉಂಗುರ ತೊಡಿಸುವ ಹೊತ್ತಿಗೆ ಆಲ್ತಾರಿನ ಮೆಟ್ಟಿಲ ಮೇಲೆ ನಾಲ್ಕು ಬೆನ್ನು ಸಾಲಾಗಿ ನಿಲ್ಲುತ್ತವೆ. ಫಾದರ್ ಕಣ್ಣು ಕಿರಿದು ಮಾಡಿಕೊಂಡು ಓದುತ್ತಾರೆ. ಮೊದಲ ಬೆಂಚಿನ ಅಮ್ಮನಿಗೆ ಮಗಳ ಮದುವೆ ಕಾಣುವುದಿಲ್ಲ. ಕುವೈಟಿನಲ್ಲಿ ಉಳಿದ ಅತ್ತಿಗೆಗೆ ಚೆನ್ನಾಗಿ ಕಾಣುತ್ತದೆ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಈ ಸೀಮೆಯ ಇಗರ್ಜಿಗಳು ನೆಲಸಮವಾದಾಗ ಹೊಸಬೆಟ್ಟಿನದ್ದು ಉಳಿದದ್ದು ಮೂಡುಬಿದಿರೆಯ ಚೌಟ ಅರಸರ ಮಾತಿನಿಂದ ಎನ್ನುತ್ತದೆ ಚರಿತ್ರೆ. ವಿಡಿಯೋ ಲೈಟುಗಳ ವಿಷಯದಲ್ಲಿ ಅಂಥ ಮಾತಾಡಲು ಈಗ ಅರಸರೂ ಇಲ್ಲ.

ಮಜಾ ಇರುವುದು ಇಲ್ಲಿ. 50 ಎಂಎಂ ಎಫ್ 1.8 ಅನ್ನು ನಮ್ಮಲ್ಲಿ ಬಹಳ ಮಂದಿ ಬಳಸುವ ಸಣ್ಣ ಸೆನ್ಸರಿನ ಕ್ಯಾಮೆರಾಕ್ಕೆ ಹಾಕಿ ಹತ್ತಡಿ ಹತ್ತಿರ ನುಗ್ಗಿದರೆ ಸ್ಪಷ್ಟವಾಗಿ ಸಿಗುವ ಆಳ ಒಂದಡಿಯೂ ಇಲ್ಲ. ಮದುಮಗಳ ಮುಖ ಸಿಕ್ಕಿದರೆ ಮದುಮಗ ಮಂಜಿನಲ್ಲಿರುತ್ತಾನೆ. ಇಪ್ಪತ್ತಡಿ ಹಿಂದೆ ಸರಿದು ನಿಂತರೆ ಆ ಆಳ ಸುಮಾರು ಒಂದು ಮೀಟರ್ ಆಗುತ್ತದೆ, ಅಗಲ ಎರಡೂವರೆ ಮೀಟರಿಗೂ ಹೆಚ್ಚು ಸಿಗುತ್ತದೆ. ಜೋಡಿಯೂ ಫಾದರೂ ಧಾರಾಳ ಹಿಡಿಸುತ್ತಾರೆ. ಅಂದರೆ ಈ ಅಗ್ಗದ ಲೆನ್ಸು ಫೋಟೋಗ್ರಾಫರನನ್ನು ಮೆಟ್ಟಿಲಿನಿಂದ ಇಳಿಸಿ ಬೆಂಚಿನ ಪಕ್ಕಕ್ಕೆ ಕಳಿಸುತ್ತದೆ. ಇಗರ್ಜಿಯ ಗುರಿಕಾರರು ವರ್ಷಾನುಗಟ್ಟಲೆ ಕಣ್ಸನ್ನೆಯಲ್ಲಿ ಮಾಡಲಾಗದ್ದನ್ನು ಹದಿನೈದು ಸಾವಿರದ ಗಾಜು ಮಾಡುತ್ತದೆ.

ಅದಕ್ಕೂ ಕೊರತೆಗಳಿವೆ. ಝೂಮ್ ಇಲ್ಲ. ಮೆಟ್ಟಿಲ ಮೇಲಿನ ನಲವತ್ತು ಜನರ ಗ್ರೂಪ್ ಫೋಟೋಕ್ಕೆ ಆಗದು. ಆಗ ಹಳೆಯ 18-55 ಸಾಕು, ಫ್ಲ್ಯಾಶೂ ಇರಲಿ, ನಿಂತ ಜನ ಓಡುವುದಿಲ್ಲ. ಇಗರ್ಜಿಯೊಳಗೆ ಶಟರ್ ಸೆಕೆಂಡಿನ ನೂರನೇ ಒಂದರಲ್ಲಿರಲಿ. ನಮ್ಮ ಕರೆಂಟು 50 ಹರ್ಟ್ಸ್‌ನದ್ದಾದ್ದರಿಂದ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ, ಅದಕ್ಕೆ ಹೊಂದದ ವೇಗವಿಟ್ಟರೆ ಗೌನಿನ ಮೇಲೆ ಪಟ್ಟೆ ಮೂಡುತ್ತದೆ. ಬಿಳಿ ಗೌನು ಕಂಡ ಕೂಡಲೆ ಕ್ಯಾಮೆರಾದ ಮೀಟರು ಹೆದರಿ ಅದನ್ನು ಬೂದು ಮಾಡುತ್ತದೆ, ಬೆಳಕನ್ನು ಒಂದು ಸ್ಟಾಪ್ ಹೆಚ್ಚಿಸಬೇಕು. ಇಷ್ಟೇ ವಿದ್ಯೆ. ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್ನಿನ ವಲಯಗಳು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರರಲ್ಲೂ ಇವೆ. ಮುಂದಿನ ಕಾರ್ಯಾಗಾರವನ್ನು ಅಂಕಲ್‌ಗಳಿಗೇ ಏರ್ಪಡಿಸಿದರೆ ಸದಸ್ಯರ ಸಾಲ ಅರ್ಧ ಇಳಿದೀತು.

ಅದುವರೆಗೆ, ಮನೆಯಲ್ಲಿ ಮದುವೆ ಗೊತ್ತಾದವರಲ್ಲಿ ಒಂದು ಬಿನ್ನಹ. ಅಡ್ವಾನ್ಸ್ ಕೊಡುವ ಮೊದಲು ಲೆನ್ಸಿನ ಉದ್ದ ನೋಡಬೇಡಿ. ಇಗರ್ಜಿಯೊಳಗೆ, ಫ್ಲ್ಯಾಶ್ ಹೊಡೆಯದೆ, ಲೈಟು ಹಚ್ಚದೆ ತೆಗೆದ ಹತ್ತು ಫೋಟೋ ತೋರಿಸಲು ಹೇಳಿ. ಅಂಕಲನ್ನು ಆ ದಿನ ಮನೆಯಲ್ಲೇ ಬಿಟ್ಟು ಹೋಗಿ.