ಸಾರಥಿಯ ಸನ್ನಿಧಾನಕ್ಕೊಂದು ಬಿನ್ನವತ್ತಳೆ

ಸಾರಥಿ ಎಂಬ ಸರ್ಕಾರಿ ತಂತ್ರಾಂಶದ ದಿವ್ಯಸನ್ನಿಧಾನಕ್ಕೆ, ರಾಜ್ಯ ಬದಲಿಸಿದ ಸಮಸ್ತ ಚಾಲಕರ ಪರವಾಗಿ ಸಲ್ಲಿಸಿದ ಬಹಿರಂಗ ಪತ್ರ.

ಚಾಲನಾ ಪರವಾನಗಿಗಳನ್ನು ಕೊಡುವ, ನವೀಕರಿಸುವ, ತಿದ್ದುವ ಕೆಲಸಗಳಿಗಾಗಿ ದೇಶದ ಸಾರಿಗೆ ಕಚೇರಿಗಳು ಬಳಸುವ ತಂತ್ರಾಂಶಕ್ಕೆ ‘ಸಾರಥಿ’ ಎಂದೂ, ವಾಹನಗಳ ನೋಂದಣಿಯನ್ನು ನೋಡಿಕೊಳ್ಳುವ ಅದರ ಜೊತೆಗಾರನಿಗೆ ‘ವಾಹನ್’ ಎಂದೂ ನಾಮಕರಣ ಮಾಡಿದವರು ಪುರಾಣದ ಪರಿಚಯವುಳ್ಳವರೇ ಆಗಿರಬೇಕು. ಆದರೂ ಈ ಹೆಸರು ಸನ್ನಿಧಾನಕ್ಕೆ ಒಪ್ಪುತ್ತದೆಯೇ ಎಂಬ ಪ್ರಶ್ನೆಯನ್ನು ವಿನಯದಿಂದ ಎತ್ತಬೇಕಾಗಿದೆ, ಏಕೆಂದರೆ ಮಹಾಭಾರತದಲ್ಲಿ ಹೆಸರು ಮಾಡಿದ ಸಾರಥಿಗಳು ಬಹುಪಾಲು ಪರರಾಜ್ಯದವರು. ಕುರುಕ್ಷೇತ್ರದಲ್ಲಿ ಅರ್ಜುನನ ರಥ ನಡೆಸಿದವನು ದ್ವಾರಕೆಯ ನಿವಾಸಿ; ಅದೇ ರಣದಲ್ಲಿ ಕರ್ಣನ ರಥವೇರಿ, ಕುದುರೆಗಳಿಗಿಂತ ಹೆಚ್ಚಾಗಿ ರಥಿಕನನ್ನೇ ಮಾತಿನ ಚಾಟಿಯಿಂದ ಹೊಡೆದವನು ಮದ್ರದೇಶದ ಅರಸ. ನಿರಾಕ್ಷೇಪಣಾ ಪತ್ರ, ಅಂದರೆ ಜನರ ಬಾಯಲ್ಲಿ ಎನ್‌ಒಸಿ ಎನಿಸಿಕೊಂಡಿರುವ, ‘ಈತ ಅಲ್ಲಿಗೆ ಬರುವುದಕ್ಕೆ ಇಲ್ಲಿಂದ ತಕರಾರಿಲ್ಲ’ ಎಂದು ಹಳೆಯ ಊರು ಬರೆದುಕೊಡುವ ಕಾಗದ, ತಂದಿರುವಿರಾ ಎಂದು ಅವರಿಬ್ಬರನ್ನೂ ಯಾರೂ ಕೇಳಲಿಲ್ಲ. ವಿರಾಟನಗರದಲ್ಲಿ ಉತ್ತರಕುಮಾರನ ರಥ ನಡೆಸಿದ ಬೃಹನ್ನಳೆಯ ಅರ್ಜಿ ಸನ್ನಿಧಾನದ ಮುಂದೆ ಬಂದಿದ್ದರಂತೂ, ಹೆಸರು, ಲಿಂಗ, ವಿಳಾಸ ಎಂಬ ಮೂರೂ ಅಂಕಣಗಳು ಮೂಲ ದಾಖಲೆಗೆ ತಾಳೆಯಾಗದೆ ಅದು ತಿರಸ್ಕೃತವಾಗಿ, ವಿರಾಟನ ಹಸುಗಳು ನಿರಾತಂಕವಾಗಿ ಹಸ್ತಿನಾಪುರ ಸೇರುತ್ತಿದ್ದವು. ಕಾರ್ಕೋಟಕನಿಂದ ಕಚ್ಚಿಸಿಕೊಂಡು ರೂಪಗೆಟ್ಟ ನಿಷಧದ ನಳನು ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಚಾಕರಿಗೆ ಸೇರಿದಾಗ ಋತುಪರ್ಣ ರಾಜನು ನೋಡಿದ್ದು ಕುದುರೆ ನಡೆಸುವ ಕೈಯನ್ನೇ ಹೊರತು, ಮುಖ ಹಳೆಯ ಭಾವಚಿತ್ರವನ್ನು ಹೋಲುತ್ತದೆಯೇ ಎಂಬುದನ್ನಲ್ಲ. (ಜಾರಿಬಿದ್ದ ಉತ್ತರೀಯವನ್ನು ತರಿಸಲು ರಥ ನಿಲ್ಲಿಸೆಂದು ಆ ರಾಜನು ಹೇಳುವಷ್ಟರಲ್ಲಿ ಅದು ಒಂದು ಯೋಜನದಷ್ಟು ಹಿಂದೆ ಉಳಿದಿತ್ತೆಂಬ ಪ್ರಸಂಗವು ವೇಗಮಿತಿಯ ವಿಭಾಗಕ್ಕೆ ಸೇರಿದ್ದಾದ್ದರಿಂದ ಇಲ್ಲಿ ಅಪ್ರಸ್ತುತ.)

ಕಾಯ್ದೆಯ ಮಾತನ್ನು ಕೇಳಿದರೆ ಇಂದಿನ ಕಾಲವೂ ಅಷ್ಟೇ ಉದಾರವೆಂದು ತೋರುತ್ತದೆ. 1988ರ ಮೋಟಾರು ವಾಹನಗಳ ಕಾಯ್ದೆಯ 13ನೇ ಕಲಮಿನ ಪ್ರಕಾರ ಒಂದು ಕಚೇರಿ ಕೊಟ್ಟ ಚಾಲನಾ ಪರವಾನಗಿಯು ಭಾರತದುದ್ದಕ್ಕೂ ಊರ್ಜಿತ. 15ನೇ ಕಲಮಿನ ಪ್ರಕಾರ ಅದನ್ನು ಯಾವುದೇ ಪರವಾನಗಿ ಪ್ರಾಧಿಕಾರವು ನವೀಕರಿಸಬಹುದು. ಇನ್ನೂ ವಿಶೇಷವೆಂದರೆ, ನವೀಕರಿಸಿದ ಪ್ರಾಧಿಕಾರವು ಮೂಲದಲ್ಲಿ ಕೊಟ್ಟದ್ದಲ್ಲದಿದ್ದರೆ, ನವೀಕರಣದ ಸಂಗತಿಯನ್ನು ಮೂಲ ಪ್ರಾಧಿಕಾರಕ್ಕೆ ತಾನೇ ತಿಳಿಸಬೇಕೆಂದು ಅದೇ ಕಲಮಿನ 6ನೇ ಉಪಕಲಮು ಹೇಳುತ್ತದೆ. ಅಂದರೆ ಕಚೇರಿ ಕಚೇರಿಗೆ ಪತ್ರ ಬರೆಯಬೇಕು, ನಾಗರಿಕನು ಮನೆಯಲ್ಲಿರಬೇಕು ಎಂಬುದು ಶಾಸನದ ಆಶಯ. ರೂಢಿಯಲ್ಲಿ ಬೆಳೆದು ಬಂದ ಭಾಷ್ಯವು ಇದನ್ನು ಸ್ವಲ್ಪವೇ ತಿರುವಿಹಾಕಿದ್ದು, ಅದರ ಪ್ರಕಾರ ಕಚೇರಿಗಳು ಮನೆಯಲ್ಲಿರುವಂತೆ ನಿಶ್ಚಿಂತವಾಗಿರುತ್ತವೆ, ನಾಗರಿಕನು ಅಂಚೆಯಣ್ಣನಾಗುತ್ತಾನೆ.

ಈ ಭಾಷ್ಯವು ಕೆಲಸ ಮಾಡುವ ಬಗೆಯನ್ನು ತಿಳಿಯಲು, 2004ರಲ್ಲಿ ತನ್ನ 20ನೇ ವಯಸ್ಸಿನಲ್ಲಿ ಧಾರವಾಡದಲ್ಲಿ ಪರವಾನಗಿ ಪಡೆದು, ಆಮೇಲೆ ಉದ್ಯೋಗ ನಿಮಿತ್ತ ಪುಣೆಗೆ ಹೋಗಿ ನೆಲಸಿದ ಒಬ್ಬ ಅರ್ಜಿದಾರನನ್ನು ಕಲ್ಪಿಸಿಕೊಳ್ಳಬಹುದು. ಆಗಿನ ನಿಯಮದಂತೆ ಖಾಸಗಿ ವಾಹನದ ಪರವಾನಗಿಯು 20 ವರ್ಷಗಳವರೆಗೆ ಅಥವಾ 50ನೇ ವಯಸ್ಸಿನವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತಿದ್ದುದರಿಂದ, ಅವನ ಅವಧಿ ತುಂಬುವುದು 2024ರಲ್ಲಿ. 2019ರ ತಿದ್ದುಪಡಿಯು ಅವಧಿಗೆ ಒಂದು ವರ್ಷ ಮೊದಲೇ ಅರ್ಜಿ ಹಾಕಲು ಅವಕಾಶ ಕೊಟ್ಟಿರುವುದರಿಂದ, ಮುಂಜಾಗ್ರತೆಯ ಮನುಷ್ಯನಾದ ಅವನು 2023ರಲ್ಲೇ ಸನ್ನಿಧಾನದ ಬಾಗಿಲು ತಟ್ಟುತ್ತಾನೆ. ಅಲ್ಲಿಯವರೆಗೆ ನಿಪ್ಪಾಣಿಯ ಈಚೆ ಕನ್ನಡದಲ್ಲಿಯೂ ಕಾಗಲದ ಆಚೆ ಮರಾಠಿಯಲ್ಲಿಯೂ ಕೈಯಡ್ಡ ಹಾಕಿ ಪರವಾನಗಿ ಕೇಳಿದ ಪೊಲೀಸರೆಲ್ಲರೂ ಅದನ್ನು ನೋಡಿ ಸುಮ್ಮನೆ ಹಿಂದಿರುಗಿಸಿದ್ದರು. ಸನ್ನಿಧಾನವು ಮಾತ್ರ, ರಾಜ್ಯದ ಎರಡಕ್ಷರ, ಕಚೇರಿಯ ಎರಡಂಕಿ, ವರ್ಷದ ನಾಲ್ಕಂಕಿ, ಕ್ರಮಸಂಖ್ಯೆಯ ಏಳಂಕಿ ಎಂಬ ತನ್ನ ಛಂದಸ್ಸಿಗೆ ಹೊಂದದ ಆ ಹಳೆಯ ಪರವಾನಗಿ ಪುಸ್ತಕದ ಸಂಖ್ಯೆಯನ್ನು ಕಂಡು, ಇಂಥ ದಾಖಲೆಯೇ ಇಲ್ಲವೆಂದು ಅಪ್ಪಣೆ ಕೊಡಿಸುತ್ತದೆ. ಗಣಕಕ್ಕೆ ಏರದೆ ಕಡತದಲ್ಲಿಯೇ ಉಳಿದ ಇಂಥ ಹಳೆಯ ಪರವಾನಗಿಯನ್ನು ತಂತ್ರಾಂಶಕ್ಕೆ ಸೇರಿಸುವ ಕೆಲಸಕ್ಕೆ ‘ಬ್ಯಾಕ್‌ಲಾಗ್ ಎಂಟ್ರಿ’ ಎಂದು ಹೆಸರು, ಮತ್ತು ಅದನ್ನು ಮಾಡಬೇಕಾದದ್ದು ಮೂಲ ಕಚೇರಿಯೇ. ಆದ್ದರಿಂದ ಅರ್ಜಿದಾರನು ಇಲ್ಲವೆಂದು ಘೋಷಿತವಾದ ಅದೇ ಪರವಾನಗಿಯನ್ನು ಜೇಬಿನಲ್ಲಿಟ್ಟುಕೊಂಡು, ಕಾನೂನಿಗೆ ಎಳ್ಳಷ್ಟೂ ಚ್ಯುತಿ ಬರದಂತೆ, ಸುಮಾರು 400 ಕಿಲೋಮೀಟರ್ ಕಾರು ಓಡಿಸಿಕೊಂಡು ಬಂದು, ತಾನು ಕಾರು ಓಡಿಸಬಲ್ಲೆನೆಂಬುದಕ್ಕೆ ಆಧಾರವನ್ನು ಹುಡುಕಿಸುತ್ತಾನೆ. ಆಧಾರವು ಸಿಕ್ಕ ಮೇಲೆ, ಎನ್‌ಒಸಿ ಬೇಕೆನ್ನುವ ಕಚೇರಿಗಳೂ ಬೇಡವೆನ್ನುವ ಕಚೇರಿಗಳೂ ಇರುವುದರಿಂದ, ಇದ್ದರೆ ಒಳ್ಳೆಯದೆಂಬ ಝೆರಾಕ್ಸ್ ಅಂಗಡಿಯವನ ಸಲಹೆಯಂತೆ ಅದನ್ನೂ ಬರೆಸಿಕೊಂಡು ಹಿಂದಿರುಗುತ್ತಾನೆ.

ಪುಣೆಯಲ್ಲಿ ಎದುರಾಗುವುದು ವಿಳಾಸದ ಮೀಮಾಂಸೆ. 2021ರ ಮಾರ್ಚ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ವಿಳಾಸ ಬದಲಾವಣೆಯೂ ಸೇರಿದಂತೆ 18 ಸೇವೆಗಳನ್ನು ಆಧಾರ್ ದೃಢೀಕರಣದ ಮೂಲಕ ಕಚೇರಿಗೆ ಹೋಗದೆಯೇ ಪಡೆಯಬಹುದೆಂದು ಸಾರಿತು. ಇದು ನಿಜಕ್ಕೂ ಒಳ್ಳೆಯ ಕೆಲಸ, ಆದರೆ ಆಧಾರ್ ಚೀಟಿಯೇ ಇನ್ನೂ ಧಾರವಾಡದ ಸಪ್ತಾಪುರದಲ್ಲಿ ವಾಸವಾಗಿದ್ದರೆ ಅದನ್ನು ಮೊದಲು ಪುಣೆಗೆ ಕರೆತರಬೇಕು, ಅದಕ್ಕೆ ಬಾಡಿಗೆ ಕರಾರು ಬೇಕು. ಮಹಾರಾಷ್ಟ್ರದಲ್ಲಿ ಮನೆ ಬಾಡಿಗೆಯ ಕರಾರಿಗೆ ‘ಲೀವ್ ಅಂಡ್ ಲೈಸೆನ್ಸ್’ ಎಂದೇ ಹೆಸರಿದ್ದು, ವಾಸಕ್ಕೆ ಮನೆಯ ಮಾಲೀಕನು ಕೊಡುವ ಆ ಅನುಮತಿಯು ಸಾಮಾನ್ಯವಾಗಿ 11 ತಿಂಗಳಿಗೆ ತೀರುತ್ತದೆ. ಒಂದು ಲೈಸೆನ್ಸ್ ಬದಲಿಸಲು ಇನ್ನೊಂದು ಲೈಸೆನ್ಸ್ ಬೇಕೆಂಬ, ಆ ಇನ್ನೊಂದು ಮೊದಲನೆಯದಕ್ಕಿಂತ ಬೇಗ ಸಾಯುತ್ತದೆಂಬ ಈ ಸ್ಥಿತಿಯನ್ನು ತರ್ಕಶಾಸ್ತ್ರದಲ್ಲಿ ಅನವಸ್ಥಾ ದೋಷವೆಂದು, ಅಂದರೆ ಒಂದಕ್ಕೊಂದು ಆಧಾರ ಹುಡುಕುತ್ತ ಕೊನೆಯೇ ಕಾಣದಿರುವುದೆಂದು, ಕರೆಯುತ್ತಾರೆ. ಕಚೇರಿಯ ಹೊರಗೆ ಮರದ ನೆರಳಲ್ಲಿ ಸ್ಕೂಟರಿನ ಮೇಲೆ ಕಡತ ಹರಡಿಕೊಂಡು ಕೂತ ಏಜೆಂಟನು ಅದನ್ನು ವ್ಯವಹಾರವೆಂದು ಕರೆಯುತ್ತಾನೆ. ಇಷ್ಟು ಹೊತ್ತಿಗೆ ಅರ್ಜಿದಾರನಿಗೆ 40 ದಾಟಿರುವುದರಿಂದ, ನಮೂನೆ 1ಎ ಎಂಬ ವೈದ್ಯಕೀಯ ಪ್ರಮಾಣಪತ್ರವೂ ಬೇಕಾಗುತ್ತದೆ; ಮೊದಲೇ ಅರ್ಜಿ ಹಾಕುವ ಜಾಗ್ರತೆ ತೋರಿದ ದಿನ ಅವನಿಗೆ ಅದು ಬೇಕಿರಲಿಲ್ಲ.

ಚಾಲಕನ ಪಾಡು ಇದಾದರೆ ಕಾರಿನ ಪಾಡು ಬೇರೆ. ಪರರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇರಿಸಿದ ವಾಹನಕ್ಕೆ 47ನೇ ಕಲಮಿನಂತೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು, ಹೊಸ ರಾಜ್ಯಕ್ಕೆ ತೆರಿಗೆ ಕಟ್ಟಬೇಕು, ಹಳೆಯ ರಾಜ್ಯದಿಂದ ಉಳಿದ ತೆರಿಗೆಯನ್ನು ಮರಳಿ ಕೇಳಬೇಕು. ಇದರ ತೊಂದರೆಯನ್ನು ಮನಗಂಡೇ 2021ರ ಸೆಪ್ಟೆಂಬರ್‌ನಿಂದ, ಆಗಾಗ ವರ್ಗವಾಗುವ ನೌಕರರಿಗಾಗಿ ‘ಬಿಎಚ್’ ಎಂಬ, ಯಾವ ರಾಜ್ಯಕ್ಕೂ ಸೇರದ ಭಾರತ ಸರಣಿಯನ್ನು ತರಲಾಯಿತು. ಕಬ್ಬಿಣದ ಕಾರು ಭಾರತೀಯವಾಗುವುದು ಸಾಧ್ಯವಾಗಿದ್ದರೂ ಅದನ್ನು ಓಡಿಸುವವನ ಪರವಾನಗಿಯ ಸಂಖ್ಯೆ ಇನ್ನೂ ಪ್ರಾಂತೀಯವಾಗಿಯೇ ಆರಂಭವಾಗುತ್ತದೆಂಬುದನ್ನು ಸನ್ನಿಧಾನವು ಗಮನಿಸಿರಬಹುದು.

ಆದ್ದರಿಂದ ಸನ್ನಿಧಾನದಲ್ಲಿ ಪ್ರಾರ್ಥನೆ ಇಷ್ಟೆ: ಹಸ್ತಿನಾಪುರಕ್ಕೂ ದ್ವಾರಕೆಗೂ ನಡುವೆ ಒಂದೇ ಗಣಕಜಾಲ ಹಾಸಿರುವಾಗ, ಒಂದು ತುದಿಯ ಗುಮಾಸ್ತನು ಇನ್ನೊಂದು ತುದಿಯ ಗುಮಾಸ್ತನನ್ನು ಒಂದು ಗುಂಡಿ ಒತ್ತಿ ಮಾತಾಡಿಸಬಹುದೆಂಬುದನ್ನು ಇಬ್ಬರಿಗೂ ತಿಳಿಸಿಕೊಡಬೇಕು, ಅದು ಅವರ ಘನತೆಗೆ ಕುಂದೆನಿಸಿದರೆ, ಅರ್ಜಿದಾರರಿಗೆ ಅಂಚೆ ಇಲಾಖೆಯ ಖಾಕಿ ಸಮವಸ್ತ್ರವನ್ನೂ ದಿನಭತ್ಯೆಯನ್ನೂ ಮಂಜೂರು ಮಾಡಬೇಕು. ಈ ಬಿನ್ನವತ್ತಳೆಯ ಸ್ವಯಂದೃಢೀಕೃತ ಪ್ರತಿಗಳನ್ನು ಹಳೆಯ ಮತ್ತು ಹೊಸ ಕಚೇರಿಗಳೆರಡಕ್ಕೂ ಕಳಿಸಲಾಗಿದ್ದು, ವಿಳಾಸದ ಅಂಕಣದಲ್ಲಿ ಧಾರವಾಡ, ಪುಣೆ ಎರಡನ್ನೂ ಬರೆಯಲಾಗಿದೆ. ಉತ್ತರವನ್ನು ಯಾವ ಊರಿಗೆ ಕಳಿಸಬೇಕೆಂಬುದನ್ನು 15ನೇ ಕಲಮಿನ 6ನೇ ಉಪಕಲಮಿನಂತೆ ಆ ಎರಡು ಕಚೇರಿಗಳೇ ಪರಸ್ಪರ ಪತ್ರ ಬರೆದುಕೊಂಡು ತೀರ್ಮಾನಿಸಬಹುದು.